ಬಲ್ಬಿನ ಮಸಿಯಿಂದ ಮಳೆಮೋಡದವರೆಗೆ: ಇರ್ವಿಂಗ್ ಲ್ಯಾಂಗ್‌ಮ್ಯೂರ್

ಜೆಟ್ ಎಂಜಿನ್ನಿನ ಟರ್ಬೈನ್ ಬ್ಲೇಡಿಗೆ ಬಡಿಯುವ ಗಾಳಿಯ ಬಿಸಿ, ಆ ಬ್ಲೇಡನ್ನು ಮಾಡಿದ ನಿಕ್ಕಲ್ ಮಿಶ್ರಲೋಹ ಕರಗುವ ಬಿಸಿಗಿಂತಲೂ ಹೆಚ್ಚಿರುತ್ತದೆ. ಆದರೂ ಬ್ಲೇಡ್ ಕರಗೋದಿಲ್ಲ. ಒಳಗೆ ಕೊರೆದ ಸಣ್ಣ ದಾರಿಗಳಲ್ಲಿ ಹರಿಯುವ ತಂಪು ಗಾಳಿ ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಹೊರಗಿನ ಸೆರಾಮಿಕ್ ಲೇಪ. ಅದರ ದಪ್ಪ ಮಿಲಿಮೀಟರಿನ ಹತ್ತರಲ್ಲಿ ಒಂದರಿಂದ ಮೂರು ಪಾಲು, ಅಷ್ಟೇ. ಜಿರ್ಕೋನಿಯಾಕ್ಕೆ ತೂಕದಲ್ಲಿ ಶೇಕಡಾ 7-8ರಷ್ಟು ಇಟ್ರಿಯಾ ಬೆರೆಸಿದ ವಸ್ತು ಅದು. ನಮ್ಮ ಮೆಟೀರಿಯಲ್ಸ್ ಕ್ಲಾಸಿನಲ್ಲಿ ವೈಎಸ್‌ಝಡ್ ಅಂತ ಬರುತ್ತಲ್ಲ, ಅದೇ. ಬೆಂಗಳೂರಿನ ಜಿಟಿಆರ್‌ಇ ಕಾವೇರಿ ಎಂಜಿನ್ನಿಗಾಗಿ ದಶಕಗಟ್ಟಲೆ ದುಡಿದಿದೆ. ಅಂಥ ಯಾವ ಎಂಜಿನ್ ಕಟ್ಟಲು ಹೊರಟರೂ ಬಿಸಿಯನ್ನು ಲೋಹದಿಂದ ದೂರ ಇಡೋದು ಹೇಗೆ ಎಂಬ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ.

ಈ ಲೇಪವನ್ನು ಹಾಕುವ ಒಂದು ಮುಖ್ಯ ವಿಧಾನ ಪ್ಲಾಸ್ಮಾ ಸ್ಪ್ರೇ. 10,000 ಡಿಗ್ರಿ ದಾಟಿದ ಪ್ಲಾಸ್ಮಾ ಜ್ವಾಲೆಯೊಳಗೆ ಸೆರಾಮಿಕ್ ಪುಡಿ ಬಿಡುತ್ತಾರೆ. ಅದು ಕರಗಿ, ವೇಗವಾಗಿ ಹಾರಿ, ಲೋಹಕ್ಕೆ ಬಡಿದು ಚಪ್ಪಟೆಯಾಗಿ ಅಂಟುತ್ತದೆ. ಪುಡಿ ನುಣ್ಣಗಿದ್ದಷ್ಟೂ ಲೇಪದ ರಚನೆ ಸೂಕ್ಷ್ಮವಾಗುತ್ತದೆ. ತೊಂದರೆ ಶುರುವಾಗೋದೇ ಅಲ್ಲಿ. ರವೆ ಡಬ್ಬಿಯಿಂದ ಸರಾಗವಾಗಿ ಸುರಿಯುತ್ತೆ. ನುಣ್ಣಗೆ ಕುಟ್ಟಿದ ಬ್ಯಾಡಗಿ ಖಾರದಪುಡಿ ಗಂಟುಕಟ್ಟಿ ನಿಲ್ಲುತ್ತೆ. ಸೆರಾಮಿಕ್ಕಿನದೂ ಇದೇ ಕಥೆ. ಕೆಲವೇ ಮೈಕ್ರಾನಿಗಿಂತ ಸಣ್ಣ ಪುಡಿ ಪೈಪಿನಲ್ಲಿ ಹರಿಯಲ್ಲ. ಹೇಗೋ ಹರಿದರೂ ತೀರಾ ಹಗುರವಾದ್ದರಿಂದ ಜ್ವಾಲೆಯ ಒಳಕ್ಕೆ ನುಗ್ಗಲ್ಲ. ಅದಕ್ಕೇ ಪುಡಿಯನ್ನು ನೀರಿನಲ್ಲಿ ಕಲಸಿ, ಹಾಲಿನಂಥ ಸಸ್ಪೆನ್ಷನ್ ಮಾಡಿ, ಕೂದಲೆಳೆಯಷ್ಟು ತೆಳುವಾದ ಧಾರೆಯಾಗಿ ಜ್ವಾಲೆಯೊಳಗೆ ಚಿಮ್ಮಿಸುತ್ತಾರೆ. ಇದೇ ಸಸ್ಪೆನ್ಷನ್ ಪ್ಲಾಸ್ಮಾ ಸ್ಪ್ರೇ.

ಈ ತಂತ್ರ ಬರುವ ಎಷ್ಟೋ ವರ್ಷ ಮೊದಲೇ, 1957ರಲ್ಲಿ, ತೀರಿಕೊಂಡ ಒಬ್ಬ ಮನುಷ್ಯನ ಕೆಲಸ ಇದರ ಹೆಚ್ಚು ಕಡಿಮೆ ಪ್ರತಿ ಹಂತದಲ್ಲೂ ಸಿಗುತ್ತದೆ. ಪ್ಲಾಸ್ಮಾ ಎಂಬ ಹೆಸರು ಅವರದು. ಪುಡಿ ನೀರಿನಲ್ಲಿ ತಳ ಕಚ್ಚದ ಹಾಗೆ ಎಷ್ಟು ಮದ್ದು ಬೆರೆಸಬೇಕು ಅನ್ನುವ ಲೆಕ್ಕ ಅವರದು. ಹನಿ ಆರುವ ಲೆಕ್ಕ, ಹನಿ ತಿರುಗುವ ಲೆಕ್ಕ ಕೂಡ ಅವರವೇ. ಕೆಮಿಸ್ಟ್ರಿ ಪುಸ್ತಕದಲ್ಲಿ ಐಸೋಥರ್ಮ್ ಪಕ್ಕ ನಾವೆಲ್ಲ ಓದಿರುವ ಹೆಸರು: ಇರ್ವಿಂಗ್ ಲ್ಯಾಂಗ್‌ಮ್ಯೂರ್.

ಕನ್ನಡಕ ಬಂದ ಮೇಲೆ ಕಂಡ ಎಲೆಗಳು

ಲ್ಯಾಂಗ್‌ಮ್ಯೂರ್ ಹುಟ್ಟಿದ್ದು 1881ರ ಜನವರಿ 31ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ನಾಲ್ವರು ಗಂಡುಮಕ್ಕಳಲ್ಲಿ ಮೂರನೆಯವರು. ತಂದೆ ಚಾರ್ಲ್ಸ್ ವಿಮಾ ಕಂಪನಿಯಲ್ಲಿದ್ದರು, ತಾಯಿ ಸೇಡಿ. ಕಂಡದ್ದನ್ನು ಬರೆದಿಡಿ ಅಂತ ಮಕ್ಕಳಿಗೆ ಕಲಿಸಿದ ಮನೆ ಅದು. ಹನ್ನೊಂದರ ವಯಸ್ಸಿನವರೆಗೆ ಇರ್ವಿಂಗನ ದೃಷ್ಟಿ ಮಂದ ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಕನ್ನಡಕ ಬಂದ ಮೇಲೆ, ಅದುವರೆಗೆ ಹಸಿರು ಮುದ್ದೆಯಾಗಿ ಕಾಣುತ್ತಿದ್ದ ಮರ ಬಿಡಿಬಿಡಿ ಎಲೆಗಳಾಗಿ ಕಂಡಿತು. ಸಣ್ಣದನ್ನು ದಿಟ್ಟಿಸಿ ನೋಡುವ ಚಟ ಆಮೇಲೆ ಅವರನ್ನು ಬಿಡಲಿಲ್ಲ. ತಂದೆಯ ಕೆಲಸದ ನಿಮಿತ್ತ ಮೂರು ವರ್ಷ ಪ್ಯಾರಿಸ್ಸಿನಲ್ಲಿ ಓದಿದರು. ರಸಾಯನಶಾಸ್ತ್ರ ಕಲಿತಿದ್ದ ಅಣ್ಣ ಆರ್ಥರ್ ಮನೆಯಲ್ಲೇ ಪುಟ್ಟ ಪ್ರಯೋಗಶಾಲೆ ಕಟ್ಟಲು ಕೈಜೋಡಿಸಿದ.

1903ರಲ್ಲಿ ಕೊಲಂಬಿಯಾದ ಸ್ಕೂಲ್ ಆಫ್ ಮೈನ್ಸ್‌ನಿಂದ ಮೆಟಲರ್ಜಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಹೌದು, ರಸಾಯನಶಾಸ್ತ್ರದ ನೊಬೆಲ್ ಪಡೆದ ಈ ಮನುಷ್ಯ ಓದಿದ್ದು ನಮ್ಮಂತೆ ಎಂಜಿನಿಯರಿಂಗು. ಅಲ್ಲಿಂದ ಜರ್ಮನಿಯ ಗೋಟಿಂಗೆನ್‌ಗೆ ಹೋದರು. ವಾಲ್ಟರ್ ನೆರ್ನ್‌ಸ್ಟ್ ಹೊಸ ಬಗೆಯ ವಿದ್ಯುತ್ ದೀಪ ಕಂಡುಹಿಡಿದಿದ್ದ ಊರು ಅದು. ಆ ದೀಪದಲ್ಲಿ ಲೋಹದ ತಂತಿ ಇರಲಿಲ್ಲ, ಸೆರಾಮಿಕ್ ಕಡ್ಡಿ ಇತ್ತು. ತಣ್ಣಗಿದ್ದಾಗ ಕರೆಂಟ್ ಹರಿಯಲ್ಲ. ಕಾಯಿಸಿದರೆ ಹರಿದು ಬೆಳ್ಳಗೆ ಉರಿಯುತ್ತದೆ. ಆ ಕಡ್ಡಿ ಮಾಡಿದ್ದು ಯಾವುದರಿಂದ ಗೊತ್ತಾ? ಜಿರ್ಕೋನಿಯಾಕ್ಕೆ ಇಟ್ರಿಯಾ ಬೆರೆಸಿ. ಬೆರಕೆಯ ಪ್ರಮಾಣ ಬೇರೆ, ವಸ್ತು ಮಾತ್ರ ಇವತ್ತು ಟರ್ಬೈನ್ ಬ್ಲೇಡನ್ನು ಕಾಯುವ ಅದೇ ಜೋಡಿ.

ಬಿಸಿಯಾದ ಜಿರ್ಕೋನಿಯಾದಲ್ಲಿ ಕರೆಂಟ್ ಹೊರುವುದು ಎಲೆಕ್ಟ್ರಾನಲ್ಲ, ಆಕ್ಸಿಜನ್ ಅಯಾನು. ಕಾರಿನ ಸೈಲೆನ್ಸರಿನ ಆಕ್ಸಿಜನ್ ಸೆನ್ಸರ್ ಕೆಲಸ ಮಾಡೋದು ಇದೇ ಗುಣದಿಂದ. ಟರ್ಬೈನ್ ಲೇಪದ ದೌರ್ಬಲ್ಯವೂ ಇದೇ: ಬಿಸಿಯನ್ನು ತಡೆಯುವ ಪದರ ಆಕ್ಸಿಜನ್ನನ್ನು ತಡೆಯಲ್ಲ. ಅದಕ್ಕೆಂದೇ ಜಿರ್ಕೋನಿಯಾದ ಕೆಳಗೆ ಅಲ್ಯುಮಿನಿಯಂ ಇರುವ ಇನ್ನೊಂದು ಲೋಹದ ಪದರ ಹಾಕುತ್ತಾರೆ. ಅದು ತಾನು ತುಕ್ಕು ಹಿಡಿದು, ಅಲ್ಯುಮಿನಾದ ತೆಳು ಪೊರೆ ಕಟ್ಟಿಕೊಂಡು ಬ್ಲೇಡನ್ನು ಉಳಿಸುತ್ತದೆ.

ನೆರ್ನ್‌ಸ್ಟ್ ದೀಪದ ಉರಿಯುವ ಕಡ್ಡಿಯ ಸುತ್ತ ಅನಿಲಗಳು ಒಡೆಯುವುದು, ತಣ್ಣಗಾಗುವಾಗ ಮತ್ತೆ ಕೂಡುವುದು, ಇದನ್ನು ಅಳೆದು ಲ್ಯಾಂಗ್‌ಮ್ಯೂರ್ 1906ರಲ್ಲಿ ಡಾಕ್ಟರೇಟ್ ಪಡೆದರು. ಬಿಸಿಯಾದ ಘನವಸ್ತುವಿನ ಮೈಮೇಲೆ ಅನಿಲ ಏನು ಮಾಡುತ್ತದೆ? ಮುಂದಿನ ಐವತ್ತು ವರ್ಷ ಅವರು ಈ ಪ್ರಶ್ನೆಯ ಹತ್ತಿರದಲ್ಲೇ ಸುತ್ತಾಡಿದರು.

ಬಲ್ಬು ಯಾಕೆ ಕಪ್ಪಾಗುತ್ತೆ?

ಅಮೆರಿಕಕ್ಕೆ ಮರಳಿ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿನಲ್ಲಿ ಮೇಷ್ಟ್ರಾದರು. ಪಾಠದ ಹೊರೆಯಲ್ಲಿ ಸಂಶೋಧನೆಗೆ ಬಿಡುವೇ ಸಿಗಲಿಲ್ಲ. 1909ರ ಬೇಸಿಗೆ ರಜೆಗೆಂದು ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯಕ್ಕೆ ಹೋದವರು 1950ರಲ್ಲಿ ನಿವೃತ್ತರಾಗುವ ತನಕ ಅಲ್ಲೇ ಉಳಿದರು. ನಿರ್ದೇಶಕ ವಿಲ್ಲಿಸ್ ವಿಟ್ನಿ ಅವರಿಗೆ ಇಂಥದ್ದೇ ಮಾಡಿ ಅನ್ನಲಿಲ್ಲ. ಸುತ್ತಾಡಿ ನೋಡಿ, ಇಷ್ಟವಾದದ್ದನ್ನು ಹಿಡಿಯಿರಿ ಅಂದರು. ಲ್ಯಾಂಗ್‌ಮ್ಯೂರ್ ಹಿಡಿದದ್ದು ಬಲ್ಬನ್ನು.

ಆಗ ಟಂಗ್‌ಸ್ಟನ್ ತಂತಿಯ ಬಲ್ಬು ಹೊಸದು. ಉರಿಯುತ್ತಾ ಉರಿಯುತ್ತಾ ಗಾಜಿನ ಒಳಗೋಡೆಗೆ ಮಸಿ ಹಿಡಿಯುತ್ತಿತ್ತು. ಒಳಗೆ ಸ್ವಲ್ಪ ಗಾಳಿ ಉಳಿದಿದೆ, ಇನ್ನೂ ಚೆನ್ನಾಗಿ ನಿರ್ವಾತ ಮಾಡಿದರೆ ಸರಿಹೋಗುತ್ತೆ ಅನ್ನೋದು ಎಲ್ಲರ ನಂಬಿಕೆ. ಲ್ಯಾಂಗ್‌ಮ್ಯೂರ್ ಉಲ್ಟಾ ಹೊರಟರು. ನಿರ್ವಾತವನ್ನು ಇನ್ನಷ್ಟು ಚೆನ್ನಾಗಿ ಮಾಡುವ ಬದಲು ಒಂದೊಂದೇ ಅನಿಲವನ್ನು ಬೇಕಂತಲೇ ಒಳಗೆ ಬಿಟ್ಟು, ಯಾವುದು ಏನು ಮಾಡುತ್ತೆ ಅಂತ ಅಳೆದರು.

ಸಾರಜನಕ ಮಸಿ ಹಿಡಿಸಲಿಲ್ಲ. ನಿಜವಾದ ತಂಟೆಕೋರ ನೀರಿನ ಆವಿ. ಅದು ಬಿಸಿ ತಂತಿಗೆ ತಾಗಿ ಒಡೆಯುತ್ತದೆ. ಅದರ ಆಕ್ಸಿಜನ್ ಟಂಗ್‌ಸ್ಟನ್ ಜೊತೆ ಸೇರಿ ಆಕ್ಸೈಡಾಗಿ ಹಾರಿ ಗಾಜಿಗೆ ಕೂರುತ್ತದೆ. ಬಿಡುಗಡೆಯಾದ ಹೈಡ್ರೋಜನ್ ಪರಮಾಣು ಗಾಜಿನವರೆಗೆ ಹೋಗಿ ಆ ಆಕ್ಸೈಡಿನಿಂದ ಆಕ್ಸಿಜನ್ನನ್ನು ಕಿತ್ತುಕೊಳ್ಳುತ್ತದೆ. ಗಾಜಿನ ಮೇಲೆ ಕರಿ ಟಂಗ್‌ಸ್ಟನ್ ಉಳಿಯುತ್ತದೆ, ನೀರಿನ ಆವಿ ಮತ್ತೆ ಹುಟ್ಟುತ್ತದೆ. ಮತ್ತೆ ತಂತಿ, ಮತ್ತೆ ಗಾಜು. ಅಂದ್ರೆ ಅದೇ ಚೂರು ನೀರು ಖರ್ಚಾಗದೆ ಸುತ್ತುತ್ತಾ ತಂತಿಯನ್ನು ಹೊತ್ತು ಹಾಕುತ್ತಿತ್ತು.

ನೀರನ್ನು ಪೂರ್ತಿ ತೆಗೆದರೂ ಸ್ವಲ್ಪ ಮಸಿ ಉಳಿಯಿತು. ಅದು ಟಂಗ್‌ಸ್ಟನ್ ತಾನಾಗಿ ಆವಿಯಾಗುತ್ತಿದ್ದ ಗುರುತು. ಬಲ್ಬಿಗೆ ಜಡ ಅನಿಲ ತುಂಬಿದರೆ ಆವಿಯಾಗುವುದು ನಿಧಾನವಾಗುತ್ತೆ, ಆದರೆ ಅನಿಲ ಬಿಸಿಯನ್ನು ಎಳೆದುಕೊಳ್ಳುತ್ತೆ. ಇಲ್ಲಿ ಅವರು ಇನ್ನೊಂದು ಅಂಶ ಕಂಡರು. ಬಿಸಿ ತಂತಿಯ ಸುತ್ತ ಅಲುಗಾಡದ ಅನಿಲದ ತೆಳು ಪೊರೆಯೊಂದು ನಿಂತಿರುತ್ತದೆ, ತಂತಿ ಸಣ್ಣದಿರಲಿ ದಪ್ಪವಿರಲಿ ಆ ಪೊರೆಯ ದಪ್ಪ ಹೆಚ್ಚು ಬದಲಾಗಲ್ಲ. ಹಾಗಾದರೆ ದಪ್ಪ ತಂತಿಗೆ ಹೋಲಿಕೆಯಲ್ಲಿ ನಷ್ಟ ಕಡಿಮೆ. ಸಣ್ಣ ತಂತಿಯನ್ನು ಒತ್ತಾಗಿ ಸುರುಳಿ ಸುತ್ತಿದರೆ ಅದು ದಪ್ಪ ತಂತಿಯಂತೆ ನಡೆದುಕೊಳ್ಳುತ್ತದೆ! 1913ರ ಹೊತ್ತಿಗೆ ಅನಿಲ ತುಂಬಿದ, ಸುರುಳಿ ತಂತಿಯ ಬಲ್ಬು ಸಿದ್ಧವಾಯಿತು. ಎಲ್‌ಇಡಿ ಬರುವ ತನಕ ನಮ್ಮ ಮನೆಗಳಲ್ಲಿ ಉರಿದ ಬಲ್ಬು ಅದರ ವಂಶದ್ದೇ.

ಈ ನಡುವೆ 1912ರಲ್ಲಿ ಮೇರಿಯನ್ ಮರ್ಸರೋ ಅವರನ್ನು ಮದುವೆಯಾದರು. ಮುಂದೆ ಕೆನೆತ್ ಮತ್ತು ಬಾರ್ಬರಾ ಎಂಬ ಇಬ್ಬರು ಮಕ್ಕಳನ್ನು ದತ್ತು ತೆಗೆದುಕೊಂಡರು. ಬಿಡುವಿದ್ದಾಗ ಬೆಟ್ಟ ಹತ್ತುವುದು, ಹಿಮದ ಮೇಲೆ ಜಾರುವುದು. ನಡುವಯಸ್ಸಿನಲ್ಲಿ ವಿಮಾನ ಹಾರಿಸಲೂ ಕಲಿತರು.

ಬಸ್ಸಿನ ಸೀಟು ಮತ್ತು ಸುಣ್ಣದ ಬಕೆಟ್ಟು

ಬಲ್ಬಿನ ಕೆಲಸದಿಂದ ಅವರಿಗೆ ಸಿಕ್ಕ ದೊಡ್ಡ ವಿಚಾರ ಒಂದು: ಘನವಸ್ತುವಿನ ಮೈಗೆ ಅನಿಲ ಅಂಟುವುದು ಮೋಡದ ಹಾಗೆ ದಪ್ಪಗಲ್ಲ, ಒಂದೇ ಅಣುವಿನ ದಪ್ಪದ ಪದರವಾಗಿ. ಹಾವೇರಿಯಿಂದ ಹುಬ್ಬಳ್ಳಿಗೆ ಹೋಗುವ ಬಸ್ಸನ್ನೇ ತಗೊಳ್ಳಿ. ಸೀಟು ಇಷ್ಟೇ ಅಂತ ಲೆಕ್ಕ. ಒಂದು ಸೀಟಿಗೆ ಒಬ್ಬರು. ನಿಂತು ಹೋಗುವಂತಿಲ್ಲ ಅಂದುಕೊಳ್ಳಿ. ಹತ್ತುವವರು ಹತ್ತುತ್ತಾರೆ, ಇಳಿಯುವವರು ಇಳಿಯುತ್ತಾರೆ. ಸ್ಟ್ಯಾಂಡಿನಲ್ಲಿ ಜನ ಕಡಿಮೆ ಇದ್ದಾಗ, ಬರುವವರು ಹೆಚ್ಚಾದಷ್ಟೂ ಸೀಟು ತುಂಬುತ್ತೆ. ಬಸ್ಸು ತುಂಬಿದ ಮೇಲೆ ಸ್ಟ್ಯಾಂಡಿನಲ್ಲಿ ಎಷ್ಟೇ ನೂಕುನುಗ್ಗಲಾದರೂ ಒಳಗಿನ ಎಣಿಕೆ ಬದಲಾಗಲ್ಲ. ಮೊದಲು ಏರಿ ಆಮೇಲೆ ಸಮನಾಗುವ ಆ ಗೆರೆಯೇ ಲ್ಯಾಂಗ್‌ಮ್ಯೂರ್ ಐಸೋಥರ್ಮ್. 1916ರಿಂದ 1918ರ ನಡುವೆ ಗಾಜು, ಅಭ್ರಕ, ಪ್ಲಾಟಿನಂಗಳ ಮೇಲೆ ಅಳೆದು ಇದನ್ನು ಪ್ರಕಟಿಸಿದರು. 1917ರಲ್ಲಿ ನೀರಿನ ಮೇಲೆ ಹರಡುವ ಎಣ್ಣೆಯೂ ಒಂದೇ ಅಣುವಿನ ಪದರ ಅಂತ ತೋರಿಸಿದರು. 1918ರಲ್ಲಿ ಅವರ ಜೊತೆ ಸೇರಿದ ಕ್ಯಾಥರಿನ್ ಬ್ಲಾಜೆಟ್, ಅಂಥ ಪದರಗಳನ್ನು ಗಾಜಿನ ಮೇಲೆ ಒಂದರ ಮೇಲೊಂದು ಎತ್ತಿಕೊಳ್ಳುವುದನ್ನು ಸಾಧಿಸಿದರು. ಕೇಂಬ್ರಿಜ್‌ನಿಂದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆ ಆಕೆ. 1932ರಲ್ಲಿ ಲ್ಯಾಂಗ್‌ಮ್ಯೂರ್ ಅವರಿಗೆ ನೊಬೆಲ್ ಬಂದದ್ದು ಈ ಮೇಲ್ಮೈ ರಸಾಯನಶಾಸ್ತ್ರಕ್ಕೇ.

ಈಗ ನಮ್ಮ ಸಸ್ಪೆನ್ಷನ್ನಿಗೆ ಬರೋಣ. ಗೋಡೆಗೆ ಬಳಿಯುವ ಸುಣ್ಣದ ಬಕೆಟ್ಟನ್ನು ಒಂದು ತಾಸು ಹಾಗೇ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತೆ, ಮೇಲೆ ತಿಳಿನೀರು ನಿಲ್ಲುತ್ತೆ. ಗೋಡೆಗಾದರೆ ಕೋಲಿನಿಂದ ಕಲಕಿದರಾಯ್ತು. ಪ್ಲಾಸ್ಮಾ ಗನ್ನಿನ ಸಣ್ಣ ನಾಜಲಿನಲ್ಲಿ ಹಾಗಾದರೆ ಧಾರೆ ಕಟ್ಟಿಕೊಂಡು ನಿಲ್ಲುತ್ತೆ. ಜಿರ್ಕೋನಿಯಾದ ಕಣಗಳು ಒಂದು ಮೈಕ್ರಾನಿಗಿಂತ ಸಣ್ಣವಿದ್ದರೆ ಒಂಟಿಯಾಗಿ ಬೇಗ ಮುಳುಗಲ್ಲ. ಆದರೆ ಅವು ಒಂಟಿಯಾಗಿರಲ್ಲ. ಒಂದಕ್ಕೊಂದು ಅಂಟಿ ಗುಂಪಾಗಿ ಮುಳುಗುತ್ತವೆ. ಅದಕ್ಕೇ ನೀರಿಗೆ ಡಿಸ್ಪರ್ಸೆಂಟ್ ಬೆರೆಸುತ್ತಾರೆ. ಪಾಲಿಅಕ್ರಿಲಿಕ್ ಆಮ್ಲದ ಜಾತಿಯ ಉದ್ದ ಅಣುಗಳು ಕಣದ ಮೈಗೆ ಅಂಟಿ, ಅದಕ್ಕೆ ವಿದ್ಯುದಂಶ ಕೊಟ್ಟು, ಪಕ್ಕದ ಕಣವನ್ನು ದೂರ ತಳ್ಳುತ್ತವೆ.

ಎಷ್ಟು ಬೆರೆಸಬೇಕು? ಕಡಿಮೆಯಾದರೆ ಕಣದ ಮೈಯಲ್ಲಿ ಸೀಟು ಖಾಲಿ ಉಳಿಯುತ್ತೆ, ಆ ಖಾಲಿ ಜಾಗದಲ್ಲಿ ಕಣಗಳು ಅಂಟಿಕೊಳ್ಳುತ್ತವೆ. ಹೆಚ್ಚಾದರೆ ಸೀಟು ಸಿಗದ ಅಣುಗಳು ನೀರಿನಲ್ಲಿ ಅಲೆಯುತ್ತಾ ಸ್ಲರಿಯನ್ನು ಮಂದ ಮಾಡುತ್ತವೆ. ಎಷ್ಟು ಹಾಕಿದಾಗ ಎಷ್ಟು ಅಂಟಿತು ಅಂತ ಅಳೆದು ಗೆರೆ ಎಳೆದರೆ, ಅನೇಕ ಸಲ ಬರುವುದು ಲ್ಯಾಂಗ್‌ಮ್ಯೂರ್ ಅವರ ಆ ಬಸ್ಸಿನ ಗೆರೆಯೇ. ಅದು ಸಮನಾಗಲು ಶುರುವಾಗುವ ಜಾಗದ ಆಸುಪಾಸಿನಲ್ಲಿ ಸರಿಯಾದ ಪ್ರಮಾಣ ಇರುತ್ತೆ. ನೀರಿನ ಪಿಎಚ್ ಬದಲಾದರೆ ಗೆರೆಯೂ ಬದಲಾಗುತ್ತೆ; ಅದಕ್ಕೇ ಎರಡನ್ನೂ ಒಟ್ಟಿಗೆ ನೋಡಬೇಕು.

ರಕ್ತದಿಂದ ಬಂದ ಹೆಸರು

ಪ್ಲಾಸ್ಮಾ ಗನ್ನಿನ ಒಳಗೆ ಚೂಪಾದ ಕ್ಯಾಥೋಡ್ ಇರುತ್ತೆ. ಬಹುಕಾಲದಿಂದ ಅದನ್ನು ಮಾಡೋದು ಶೇಕಡಾ 2ರಷ್ಟು ಥೋರಿಯಂ ಆಕ್ಸೈಡ್ ಬೆರೆಸಿದ ಟಂಗ್‌ಸ್ಟನ್‌ನಿಂದ. ಬರೀ ಟಂಗ್‌ಸ್ಟನ್‌ಗಿಂತ ಇದು ಕಡಿಮೆ ಬಿಸಿಯಲ್ಲೇ ಎಲೆಕ್ಟ್ರಾನು ಬಿಡುತ್ತೆ. ಯಾಕೆ? ಟಂಗ್‌ಸ್ಟನ್ನಿನ ಮೈಮೇಲೆ ಥೋರಿಯಂ ಒಂದೇ ಪರಮಾಣುವಿನ ಪದರವಾಗಿ ಹರಡುತ್ತೆ, ಎಲೆಕ್ಟ್ರಾನು ಹೊರಬೀಳುವ ದಾರಿ ಸಲೀಸಾಗುತ್ತೆ. ಇದನ್ನೂ ಬಿಡಿಸಿ ಹೇಳಿದವರು ಲ್ಯಾಂಗ್‌ಮ್ಯೂರ್. ಮತ್ತೆ ಅದೇ ಒಂಟಿ ಪದರ!

1920ರ ದಶಕದಲ್ಲಿ ಅವರು ಅನಿಲದ ಕೊಳವೆಗಳಲ್ಲಿ ಕರೆಂಟ್ ಹರಿಯುವುದನ್ನು ನೋಡತೊಡಗಿದರು. ಕೊಳವೆಯ ನಡುವೆ ಎಲೆಕ್ಟ್ರಾನು ಮತ್ತು ಅಯಾನು ಸರಿಸಮವಾಗಿ ಇರುವ ಹೊಳೆಯುವ ಭಾಗಕ್ಕೆ ಒಂದು ಹೆಸರು ಬೇಕಿತ್ತು. 1928ರಲ್ಲಿ ಅದನ್ನು ಪ್ಲಾಸ್ಮಾ ಅಂತ ಕರೆದರು. ರಕ್ತದ ಪ್ಲಾಸ್ಮಾ ಕೆಂಪು ಬಿಳಿ ಕಣಗಳನ್ನು ಹೊತ್ತು ಸಾಗುವ ಹಾಗೆ ಇದೂ ಕಣಗಳನ್ನು ಹೊತ್ತು ಸಾಗುತ್ತೆ ಅನ್ನೋ ಹೋಲಿಕೆಯಿಂದ ಹೆಸರು ಬಂತು ಅಂತ ಅವರ ಸಹೋದ್ಯೋಗಿ ಹೆರಾಲ್ಡ್ ಮಾಟ್-ಸ್ಮಿತ್ ಮುಂದೆ ನೆನಪಿಸಿಕೊಂಡರು. ಪ್ಲಾಸ್ಮಾದೊಳಗೆ ಸಣ್ಣ ತಂತಿ ತೂರಿಸಿ ಅದರ ಗುಣ ಅಳೆಯುವ ಸಾಧನಕ್ಕೆ ಇಂದಿಗೂ ಲ್ಯಾಂಗ್‌ಮ್ಯೂರ್ ಪ್ರೋಬ್ ಅಂತಲೇ ಹೆಸರು.

ಬಲ್ಬಿನಲ್ಲಿ ಕಂಡ ಹೈಡ್ರೋಜನ್ ಪರಮಾಣುವನ್ನೂ ಅವರು ಮರೆತಿರಲಿಲ್ಲ. ಹೈಡ್ರೋಜನ್ ಅಣು ಒಡೆಯಲು ಬಹಳ ಶಕ್ತಿ ಬೇಕು. ಒಡೆದ ಪರಮಾಣುಗಳು ತಣ್ಣನೆಯ ಲೋಹದ ಮೇಲೆ ಮತ್ತೆ ಕೂಡಿದಾಗ ಆ ಶಕ್ತಿಯನ್ನೆಲ್ಲ ಅಲ್ಲೇ ಬಿಟ್ಟುಕೊಡುತ್ತವೆ. ಇದರಿಂದ 1920ರ ದಶಕದಲ್ಲಿ ಅಟಾಮಿಕ್ ಹೈಡ್ರೋಜನ್ ವೆಲ್ಡಿಂಗ್ ಹುಟ್ಟಿತು. ಪ್ಲಾಸ್ಮಾ ಗನ್ನಿನಲ್ಲಿ ಆರ್ಗಾನ್ ಜೊತೆ ಹೈಡ್ರೋಜನ್ ಬೆರೆಸುವುದರ ಹಿಂದೆಯೂ ಇದೇ ಲೆಕ್ಕವಿದೆ: ಬಿಸಿಯನ್ನು ಹೊತ್ತುಕೊಳ್ಳುವ, ಕಣಕ್ಕೆ ದಾಟಿಸುವ ಶಕ್ತಿ ಹೈಡ್ರೋಜನ್ನಿಗೆ ಜಾಸ್ತಿ.

ಹನಿಯ ಪ್ರಯಾಣ

ಕಾದ ರೊಟ್ಟಿ ಹಂಚಿನ ಮೇಲೆ ನೀರು ಚಿಮುಕಿಸಿ ನೋಡಿ. ಸಣ್ಣ ಹನಿ ತಕ್ಷಣ ಮಾಯ. ದೊಡ್ಡದು ಕುಣಿಯುತ್ತಾ ಸುಮಾರು ಹೊತ್ತು ಉಳಿಯುತ್ತೆ. ಸಣ್ಣ ಗುಂಡು ಎಷ್ಟು ಬೇಗ ಆವಿಯಾಗುತ್ತೆ ಅಂತ ಲ್ಯಾಂಗ್‌ಮ್ಯೂರ್ 1918ರಲ್ಲೇ ಲೆಕ್ಕ ಹಾಕಿದ್ದರು. ನಿಂತ ಗಾಳಿಯಲ್ಲಿ ಆವಿಯಾಗುವ ವೇಗ ಹನಿಯ ಮೈಯಗಲಕ್ಕಲ್ಲ, ಅದರ ತ್ರಿಜ್ಯಕ್ಕೆ ಅನುಪಾತದಲ್ಲಿರುತ್ತೆ. ಅಂದ್ರೆ ಹನಿ ಆರಲು ಬೇಕಾದ ಸಮಯ ವ್ಯಾಸದ ವರ್ಗದ ಮೇಲೆ ನಿಂತಿದೆ. ಹನಿಯನ್ನು ಅರ್ಧ ಮಾಡಿದರೆ ಸಮಯ ಕಾಲು ಭಾಗ. ಪ್ಲಾಸ್ಮಾದ ಬಿರುಗಾಳಿಯಲ್ಲಿ ಲೆಕ್ಕ ಇನ್ನೂ ಜಟಿಲ, ಆದರೆ ಶುರುಮಾಡೋದು ಇಲ್ಲಿಂದಲೇ.

ನೀರು ಬೇಕೋ ಎಥನಾಲ್ ಬೇಕೋ ಅನ್ನೋ ಚರ್ಚೆ ಇರೋದೂ ಇಲ್ಲೇ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2257 ಕಿಲೋಜೂಲ್ ಬೇಕು, ಎಥನಾಲಿಗೆ ಸುಮಾರು 840 ಸಾಕು. ನೀರಿನ ಮೇಲ್ಮೈ ಎಳೆತ ಮೀಟರಿಗೆ 72 ಮಿಲಿನ್ಯೂಟನ್, ಎಥನಾಲಿನದು 22. ಹಾಗಾಗಿ ನೀರಿನ ಧಾರೆ ಅಷ್ಟು ಸುಲಭವಾಗಿ ಸಣ್ಣ ಹನಿಯಾಗಿ ಒಡೆಯಲ್ಲ. ಎರಡೂ ನೀರಿಗೆ ಅನಾನುಕೂಲವೇ. ಆದರೆ ನೀರು ಅಗ್ಗ, ಬೆಂಕಿ ಹತ್ತಲ್ಲ, ಡ್ರಮ್ಮುಗಟ್ಟಲೆ ಇಟ್ಟರೂ ಭಯವಿಲ್ಲ. ದಿನವಿಡೀ ಉರಿ ಹಚ್ಚಿಕೊಂಡು ಕೆಲಸ ಮಾಡುವ ಶಾಪಿನಲ್ಲಿ ಇದು ಸಣ್ಣ ಮಾತಲ್ಲ. ಹೆಚ್ಚು ಶಕ್ತಿಯ ಗನ್ ಇದ್ದರೆ ನೀರಿನ ಹೊರೆಯನ್ನು ಹೊರಬಹುದು.

ಹನಿ ಆರಿ, ಕಣ ಕರಗಿ ಲೋಹದ ಹತ್ತಿರ ಬಂತು ಅನ್ನಿ. ಕಬ್ಬು ತುಂಬಿದ ಟ್ರ್ಯಾಕ್ಟರ್ ತಿರುವಿನಲ್ಲಿ ಸರಕ್ಕನೆ ತಿರುಗಲ್ಲ, ಸೈಕಲ್ ತಿರುಗುತ್ತೆ. ಹಾಗೇ ದೊಡ್ಡ ಕಣ ನೆಟ್ಟಗೆ ಬಂದು ಬಡಿಯುತ್ತೆ. ತೀರಾ ಸಣ್ಣದು ಗಾಳಿಯ ಜೊತೆ ತಿರುಗಿ ಲೋಹದ ಮೈಗುಂಟ ಹಾಯುತ್ತೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ವಿಮಾನದ ರೆಕ್ಕೆಗೆ ಹಿಮ ಕಟ್ಟುವ ಸಮಸ್ಯೆಗಾಗಿ ಲ್ಯಾಂಗ್‌ಮ್ಯೂರ್ ಮತ್ತು ಬ್ಲಾಜೆಟ್ ಇದನ್ನೇ ಲೆಕ್ಕ ಹಾಕಿದರು: ಮೋಡದ ಯಾವ ಗಾತ್ರದ ಹನಿ ರೆಕ್ಕೆಗೆ ಬಡಿಯುತ್ತೆ, ಯಾವುದು ಪಕ್ಕದಿಂದ ಜಾರುತ್ತೆ? ವರದಿ ಹೊರಬಂದದ್ದು 1946ರಲ್ಲಿ. ಸಸ್ಪೆನ್ಷನ್ ಸ್ಪ್ರೇಯಲ್ಲಿ ಹಾಗೆ ಜಾರುವ ಸಣ್ಣ ಕಣಗಳು ಮೇಲ್ಮೈಯ ಉಬ್ಬುಗಳಿಗೆ ಪಕ್ಕದಿಂದ ಬಡಿದು ಅಂಟುತ್ತವೆ. ಉಬ್ಬು ಬೆಳೆಬೆಳೆದು ಕಂಬವಾಗುತ್ತೆ. ಕಂಬಗಳ ನಡುವೆ ಸಂದು ಉಳಿಯುತ್ತೆ. ಲೋಹ ಕಾದು ಹಿಗ್ಗಿದಾಗ ಆ ಸಂದುಗಳು ತೆರೆದುಕೊಂಡು ಲೇಪ ಸಿಡಿಯದಂತೆ ಉಳಿಸುತ್ತವೆ. ಇಂಥ ಕಂಬದ ರಚನೆ ಬೇಕಾದರೆ ಮೊದಲು ದುಬಾರಿ ನಿರ್ವಾತ ಕೋಣೆಯೊಳಗೆ ಎಲೆಕ್ಟ್ರಾನ್ ಕಿರಣದಿಂದ ಮಾಡಬೇಕಿತ್ತು.

ಮಳೆ ತರಿಸಿದ್ದು ಯಾರು?

ಇಲ್ಲಿವರೆಗಿನ ಕಥೆ ಗೆಲುವಿನದು. ಇನ್ನು ಮುಂದಿನದು ಹಾಗಲ್ಲ. ನಮ್ಮ ಹೊಸರಿತ್ತಿ ಕಡೆಯವರಿಗೆ ಹತ್ತಿರವಾಗೋದು ಬಹುಶಃ ಈ ಭಾಗವೇ.

ಹಿಮದ ಅಧ್ಯಯನದಲ್ಲಿ ಅವರ ಜೊತೆಗಿದ್ದವರು ವಿನ್ಸೆಂಟ್ ಶೇಫರ್. ಹೈಸ್ಕೂಲು ಮುಗಿಸದೆ ಮೆಷಿನ್ ಶಾಪಿನಿಂದ ಮೇಲೆ ಬಂದವರು. 1946ರ ಜುಲೈನಲ್ಲಿ, ಶೀತಲ ಪೆಟ್ಟಿಗೆಯನ್ನು ಇನ್ನಷ್ಟು ತಣ್ಣಗೆ ಮಾಡಲು ಡ್ರೈ ಐಸ್ ಹಾಕಿದಾಗ, ಒಳಗಿದ್ದ ಉಸಿರಿನ ಮಂಜು ಕ್ಷಣದಲ್ಲಿ ಹಿಮದ ಹರಳುಗಳಾಯಿತು. ನವೆಂಬರ್ 13ರಂದು ಶೇಫರ್ ವಿಮಾನದಿಂದ ಮ್ಯಾಸಚೂಸೆಟ್ಸಿನ ಮೋಡವೊಂದಕ್ಕೆ ಡ್ರೈ ಐಸ್ ಸುರಿದರು. ಮೋಡದ ಬುಡದಿಂದ ಹಿಮ ಇಳಿಯಿತು. ಸಹೋದ್ಯೋಗಿ ಬರ್ನಾರ್ಡ್ ವಾನೆಗಟ್ ಸಿಲ್ವರ್ ಅಯೋಡೈಡ್ ಕೂಡ ಕೆಲಸ ಮಾಡುತ್ತೆ ಅಂತ ತೋರಿಸಿದರು. ಮೋಡ ಬಿತ್ತನೆ ಹುಟ್ಟಿದ್ದು ಹೀಗೆ.

65 ದಾಟಿದ್ದ ಲ್ಯಾಂಗ್‌ಮ್ಯೂರ್ ಇದರಲ್ಲಿ ಮುಳುಗಿಹೋದರು. 1947ರ ಅಕ್ಟೋಬರಿನಲ್ಲಿ ಅಟ್ಲಾಂಟಿಕ್‌ನ ಚಂಡಮಾರುತವೊಂದಕ್ಕೆ ಡ್ರೈ ಐಸ್ ಹಾಕಲಾಯಿತು. ಸಮುದ್ರದ ಕಡೆ ಹೊರಟಿದ್ದ ಅದು ತಿರುಗಿ ಜಾರ್ಜಿಯಾದ ತೀರಕ್ಕೆ ಬಡಿಯಿತು. ತಿರುಗಿಸಿದ್ದು ತಮ್ಮ ಬಿತ್ತನೆಯೇ ಅಂತ ಲ್ಯಾಂಗ್‌ಮ್ಯೂರ್ ನಂಬಿದರು. ಬಿತ್ತನೆಗೆ ಮೊದಲೇ ಅದು ತಿರುಗತೊಡಗಿತ್ತು ಅನ್ನೋದು ಆಮೇಲೆ ತಿಳಿಯಿತು. 1949ರ ಕೊನೆಯಿಂದ ನ್ಯೂ ಮೆಕ್ಸಿಕೋದಲ್ಲಿ ವಾರದ ಗೊತ್ತಾದ ದಿನಗಳಲ್ಲಿ ಸಿಲ್ವರ್ ಅಯೋಡೈಡ್ ಹೊಗೆ ಬಿಟ್ಟರು. ಎಷ್ಟೋ ದೂರದ ಪೂರ್ವ ರಾಜ್ಯಗಳಲ್ಲಿ ಏಳು ದಿನಕ್ಕೊಮ್ಮೆ ಮಳೆ ಏರಿದ್ದು ಕಂಡು, ಇದು ತಮ್ಮ ಕೆಲಸವೇ ಅಂದರು. ಹವಾಮಾನ ಇಲಾಖೆಯವರು ಒಪ್ಪಲಿಲ್ಲ. ಅಂಥ ಏರಿಳಿತ ತಾನಾಗಿಯೂ ಬರುತ್ತೆ ಅಂದರು. ಲ್ಯಾಂಗ್‌ಮ್ಯೂರ್ ಕೊನೆಯವರೆಗೂ ಪಟ್ಟು ಬಿಡಲಿಲ್ಲ.

ಬಲ್ಬಿನ ಪ್ರಯೋಗಕ್ಕೂ ಮೋಡದ ಪ್ರಯೋಗಕ್ಕೂ ವ್ಯತ್ಯಾಸ ಏನು? ಬಲ್ಬಿನಲ್ಲಿ ಪಕ್ಕದಲ್ಲೇ ಅನಿಲ ಬಿಡದ ಇನ್ನೊಂದು ಬಲ್ಬಿತ್ತು. ಮೋಡಕ್ಕೆ ಅಂಥ ಜೋಡಿ ಇರಲಿಲ್ಲ. ಬಿತ್ತದೇ ಇದ್ದಿದ್ದರೆ ಏನಾಗುತ್ತಿತ್ತು ಅನ್ನೋ ಪ್ರಶ್ನೆಗೆ ಉತ್ತರ ಇರಲಿಲ್ಲ.

ವಿಚಿತ್ರ ಅಂದ್ರೆ, ವಿಜ್ಞಾನಿಗಳು ತಮ್ಮನ್ನು ತಾವೇ ಹೇಗೆ ಮೋಸಗೊಳಿಸಿಕೊಳ್ಳುತ್ತಾರೆ ಅಂತ ಸ್ಪಷ್ಟವಾಗಿ ಹೇಳಿದವರೂ ಇವರೇ. 1953ರ ಡಿಸೆಂಬರ್ 18ರಂದು ಕೊಟ್ಟ ಉಪನ್ಯಾಸದಲ್ಲಿ ಅದಕ್ಕೆ ರೋಗಗ್ರಸ್ತ ವಿಜ್ಞಾನ ಎಂಬ ಅರ್ಥದ ಹೆಸರಿಟ್ಟರು. ಪರಿಣಾಮ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದಿರುತ್ತೆ, ಆದರೂ ಬಹಳ ನಿಖರ ಅಂತ ಹೇಳಿಕೊಳ್ಳುತ್ತಾರೆ, ಟೀಕೆ ಬಂದಾಗ ಆ ಕ್ಷಣಕ್ಕೊಂದು ಸಮಜಾಯಿಷಿ ಹುಟ್ಟುತ್ತೆ ಅಂತ ಗುರುತುಗಳನ್ನು ಪಟ್ಟಿ ಮಾಡಿದರು. ಹಿಂದೊಮ್ಮೆ ಕೊಲಂಬಿಯಾದ ಪ್ರಯೋಗವೊಂದರಲ್ಲಿ, ಎಣಿಸುವವರಿಗೆ ಗೊತ್ತಾಗದ ಹಾಗೆ ವೋಲ್ಟೇಜ್ ಬದಲಿಸಿ, ಅವರು ಎಣಿಸುತ್ತಿದ್ದದ್ದು ಭ್ರಮೆ ಅಂತ ತೋರಿಸಿದವರೂ ಅವರೇ. ಆ ಅಳತೆಗೋಲನ್ನು ತಮ್ಮ ಮಳೆಗೆ ಮಾತ್ರ ಹಿಡಿಯಲಿಲ್ಲ.

ಇದು ದೂರದ ಹಳೇ ಕಥೆ ಅಲ್ಲ. ಕರ್ನಾಟಕದಲ್ಲಿ 2003ರಲ್ಲಿ ವರುಣ, 2017ರಲ್ಲಿ ವರ್ಷಧಾರೆ ಹೆಸರಿನಲ್ಲಿ ಮೋಡ ಬಿತ್ತನೆ ನಡೆಯಿತು. 2023ರ ಬರದಲ್ಲಿ ಹುಬ್ಬಳ್ಳಿಯಿಂದ ಹಾರಿದ ವಿಮಾನ ರಾಣೆಬೆನ್ನೂರು ಭಾಗದ ಮೋಡಗಳಿಗೆ ಬಿತ್ತಿತು. ಗೋವಿನಜೋಳ ಒಣಗುತ್ತಿರುವ ರೈತ ಆಕಾಶ ನೋಡುತ್ತಾನೆ; ಮಳೆ ಬಂದರೆ ಅದು ವಿಮಾನದಿಂದ ಬಂತೋ ತಾನಾಗೇ ಬಂತೋ ಅಂತ ಅವನಿಗೆ ಹೇಳೋರು ಯಾರು? ಅದನ್ನು ತಿಳಿಯುವ ದಾರಿಯಂತೂ ಇದೆ. ನಮ್ಮ ಪಕ್ಕದ ಸೊಲ್ಲಾಪುರದಲ್ಲಿ ಪುಣೆಯ ಐಐಟಿಎಂ ವಿಜ್ಞಾನಿಗಳು 2018-19ರಲ್ಲಿ 276 ಮೋಡಗಳನ್ನು ಆರಿಸಿ, ಯಾವುದಕ್ಕೆ ಬಿತ್ತಬೇಕು ಯಾವುದಕ್ಕೆ ಬೇಡ ಅನ್ನೋದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿ, ಎರಡನ್ನೂ ಹೋಲಿಸಿದರು. ಮಳೆ ಸರಾಸರಿ ಸುಮಾರು ಶೇಕಡಾ 18ರಷ್ಟು ಹೆಚ್ಚಿತು ಅಂತ ವರದಿ ಮಾಡಿದರು. ಲ್ಯಾಂಗ್‌ಮ್ಯೂರ್ ಕಂಡ ಕನಸಿಗೆ ಹೋಲಿಸಿದರೆ ಸಣ್ಣ ಸಂಖ್ಯೆ. ಆದರೆ ಪಕ್ಕದಲ್ಲಿ ಬಿತ್ತದ ಮೋಡವನ್ನು ಇಟ್ಟುಕೊಂಡು ಬಂದ ಸಂಖ್ಯೆ.

ಉಳಿದದ್ದು

ಲ್ಯಾಂಗ್‌ಮ್ಯೂರ್ 1957ರ ಆಗಸ್ಟ್ 16ರಂದು ಮ್ಯಾಸಚೂಸೆಟ್ಸಿನ ವುಡ್ಸ್ ಹೋಲ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮೇಲ್ಮೈ ಮತ್ತು ಕೊಲಾಯ್ಡ್ ವಿಜ್ಞಾನದ ದೊಡ್ಡ ಪತ್ರಿಕೆಯೊಂದು ಇವತ್ತು ಅವರ ಹೆಸರಿನಲ್ಲೇ ಬರುತ್ತಿದೆ. ನೀರಿನ ಸ್ಲರಿ ಬಗ್ಗೆ ಪ್ರಾಜೆಕ್ಟ್ ಮಾಡುವವರು ಒಂದಲ್ಲ ಒಂದು ದಿನ ಆ ಪತ್ರಿಕೆಯ ಪುಟ ತೆರೆಯಲೇಬೇಕಾಗುತ್ತೆ.

ತೆರೆದಾಗ ಅವರ ಎರಡೂ ಮುಖ ನೆನಪಿರಲಿ. ಹೊಸ ಡಿಸ್ಪರ್ಸೆಂಟ್ ಹಾಕಿದ ಸ್ಲರಿಯಿಂದ ಬಂದ ಲೇಪ ಫರ್ನೇಸಿನಲ್ಲಿ ನೂರು ಸಲ ಕಾದು ತಣಿದೂ ಉಳಿಯಿತು ಅಂದ ಮಾತ್ರಕ್ಕೆ ಅದು ಡಿಸ್ಪರ್ಸೆಂಟಿನ ಗೆಲುವು ಆಗಲ್ಲ. ಅದೇ ದಿನ, ಅದೇ ಗನ್ನಿನಿಂದ, ಅದೇ ಲೋಹದ ಮೇಲೆ ಹಳೇ ಸ್ಲರಿಯನ್ನೂ ಸ್ಪ್ರೇ ಮಾಡಿ, ಎರಡನ್ನೂ ಒಂದೇ ಫರ್ನೇಸಿನಲ್ಲಿಟ್ಟು, ಯಾವುದು ಯಾವುದು ಅಂತ ಗೊತ್ತಿಲ್ಲದ ಗೆಳೆಯನ ಕೈಯಲ್ಲಿ ಬಿರುಕು ಎಣಿಸಿ. ಒಂದು ದಿನದ ಕೆಲಸ ಹೆಚ್ಚಾಗುತ್ತೆ, ಅಷ್ಟೇ.